ನೋಡದೆ ಬರೆದ ಬಿ.ಪಿ.

ಬೆಳಗಿನ ಪಾಳಿಗೆ ಬಂದ ನರ್ಸ್ ಮೊದಲು ಮಾಡುವ ಕೆಲಸ ಹ್ಯಾಂಡ್‌ಓವರ್ ತೆಗೆದುಕೊಳ್ಳುವುದು. ರಾತ್ರಿ ಪಾಳಿಯ ಸಿಸ್ಟರ್ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತ ಯಾರಿಗೆ ಜ್ವರ ಬಂತು, ಯಾರ ಡ್ರಿಪ್ ಮುಗಿಯಿತು, ಯಾರಿಗೆ ರಕ್ತ ತೆಗೆಯಬೇಕು ಎಂದು ಹೇಳುತ್ತ ಹೋಗುತ್ತಾರೆ. ಹಗಲಿನವರು ಕೇಳಿಸಿಕೊಳ್ಳುತ್ತ ಹಿಂದೆ ನಡೆಯುತ್ತಾರೆ. ಸುಮಾರು 20 ವರ್ಷಗಳ ಹಿಂದೆ, ಒಂದು ಜಿಲ್ಲಾ ಆಸ್ಪತ್ರೆಯ ಹೆಂಗಸರ ಮೆಡಿಕಲ್ ವಾರ್ಡಿನಲ್ಲಿ ಹಾಗೆ ನಡೆಯುತ್ತಿದ್ದಾಗ ನನ್ನ ಕಣ್ಣು ಒಂದು ಕೇಸ್ ಶೀಟಿನ ಮೇಲೆ ನಿಂತಿತು. ರಾತ್ರಿ 10ಕ್ಕೆ ಬಿ.ಪಿ. 120/80. ಎರಡು ಗಂಟೆಗೆ 120/80. ಬೆಳಿಗ್ಗೆ ಆರಕ್ಕೆ 120/80. ಪಕ್ಕದ ಹಾಸಿಗೆಯದೂ ಹೆಚ್ಚುಕಡಿಮೆ ಅದೇ. ಅದರಾಚೆಯದು 110/80, ಮೂರು ಸಲವೂ.

ವಾರ್ಡಿನಲ್ಲಿ 22 ಹಾಸಿಗೆಗಳಿದ್ದವು, ಬಿ.ಪಿ. ಆಪರೇಟಸ್ ಇದ್ದದ್ದು ಒಂದೇ. ಅದರ ಬಲ್ಬ್ ಹಿಂದಿನ ದಿನ ಮಧ್ಯಾಹ್ನ ಸೀಳಿ, ಗಾಳಿ ಹಾಕಿದರೆ ನಿಲ್ಲುತ್ತಿರಲಿಲ್ಲ. ಇಂಡೆಂಟ್ ಬರೆದು ಅದನ್ನು ಸ್ಟೋರಿಗೆ ಕಳಿಸಿದವಳು ನಾನೇ. ಅದು ಇನ್ನೂ ವಾಪಸ್ ಬಂದಿರಲಿಲ್ಲ.

ಒಂಬತ್ತನೇ ಹಾಸಿಗೆಯ ಅಜ್ಜಿಯ ಕೈ ಮುಟ್ಟಿದೆ. ತಣ್ಣಗಿತ್ತು. ಪಕ್ಕದ ವಾರ್ಡಿಗೆ ಓಡಿ ಆಪರೇಟಸ್ ತಂದು ನೋಡಿದರೆ 80/50. ಡ್ಯೂಟಿ ಡಾಕ್ಟರನ್ನು ಕರೆದೆವು, ಇನ್ನೊಂದು ಕೈಗೂ ಕ್ಯಾನುಲಾ ಹಾಕಿ ಸಲೈನ್ ಓಡಿಸಿದೆವು. ಅಜ್ಜಿ ಬದುಕಿದರು. ಮೂರನೇ ದಿನ ಎದ್ದು ಕೂತು ಮಗಳ ಕೈಯಿಂದ ಗಂಜಿ ಕುಡಿದರು. ಆದರೆ ಅವರ ಹಾಳೆಯಲ್ಲಿ ಬೆಳಿಗ್ಗೆ ಆರು ಗಂಟೆಯ ಬಿ.ಪಿ. 120/80 ಎಂದೇ ಇತ್ತು.

ಆ ಅಂಕಿಗಳನ್ನು ಬರೆದವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಕೈ ನಡುಗುತ್ತಿದ್ದಾಗ, ಕೈಮೇಲೆ ಕೈಯಿಟ್ಟು ರಕ್ತನಾಳ ಹುಡುಕುವುದನ್ನು ಕಲಿಸಿದವರು ಅವರು. ನನ್ನ ಮಗುವಿಗೆ ಜ್ವರ ಬಂದ ರಾತ್ರಿಗಳಲ್ಲಿ ತಮ್ಮ ರಜೆ ಬಿಟ್ಟು ನನ್ನ ನೈಟ್ ಡ್ಯೂಟಿ ಮಾಡಿದವರು. ಇಂಥವರ ಬಗ್ಗೆ ಮೇಲಿನವರಿಗೆ ಹೇಳಬೇಕೇ ಬೇಡವೇ ಎಂಬ ಪ್ರಶ್ನೆ ನರ್ಸಿಂಗ್ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ: ರೋಗಿಯ ಸುರಕ್ಷತೆಯೇ ಮೊದಲು. ವಾರ್ಡಿನಲ್ಲಿ ಅದು ಅಷ್ಟು ಬೇಗ ಮುಗಿಯುವುದಿಲ್ಲ. ಅಲ್ಲಿ ಅದಕ್ಕೆ ಇರುವ ಹೆಸರುಗಳೇ ಬೇರೆ. ಚಾಡಿ ಹೇಳೋದು. ಬೆನ್ನಿಗೆ ಇರಿಯೋದು. ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೆಯೋದು.

ನಾನು ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನಗಳ ಬಗ್ಗೆ ನನಗೆ ಇವತ್ತಿಗೂ ಸಮಾಧಾನವಿಲ್ಲ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಕಣ್ಣೆದುರೇ ತಪ್ಪು ಔಷಧ ಹೋಗುತ್ತಿದ್ದರೆ, ಪೊಟ್ಯಾಸಿಯಂ ಕ್ಲೋರೈಡನ್ನು ಸಲೈನಿನಲ್ಲಿ ಬೆರೆಸದೆ ನೇರ ರಕ್ತನಾಳಕ್ಕೆ ಹಾಕಲು ಯಾರೋ ಸಿರಿಂಜ್ ಹಿಡಿದಿದ್ದರೆ, ಅಲ್ಲಿ ವರದಿ ಮಾಡಬೇಕೇ ಎಂಬ ಪ್ರಶ್ನೆಗೆ ಜಾಗವಿಲ್ಲ. ಕೈ ಹಿಡಿಯಬೇಕು, ಡ್ರಿಪ್ ನಿಲ್ಲಿಸಬೇಕು, ಡಾಕ್ಟರನ್ನು ಕರೆಯಬೇಕು. ಪೊಟ್ಯಾಸಿಯಂ ಹಾಗೆ ಒಮ್ಮೆಲೇ ಹೋದರೆ ಹೃದಯ ನಿಂತುಬಿಡುತ್ತದೆ. ಹಿರಿಯರು ಕಿರಿಯರು ನೋಡುವ ಹೊತ್ತಲ್ಲ ಅದು. ನಾನು ಇಲ್ಲಿ ಮಾತಾಡುತ್ತಿರುವುದು ಆ ಗಳಿಗೆ ದಾಟಿದ ಮೇಲೆ, ರೋಗಿ ಸದ್ಯಕ್ಕೆ ಬಚಾವಾದ ಮೇಲೆ, ಕಂಡದ್ದನ್ನು ಏನು ಮಾಡುವುದು ಎಂಬುದರ ಬಗ್ಗೆ.

ನೋಡದೆ ಬರೆದ ಅಂಕಿ ಅಷ್ಟು ದೊಡ್ಡ ವಿಷಯವೇ ಎಂದು ಆಸ್ಪತ್ರೆಯ ಹೊರಗಿನವರಿಗೆ ಅನ್ನಿಸಬಹುದು. ರೋಗಿಯ ದೇಹ ಕುಸಿಯುವುದು ಸಾಮಾನ್ಯವಾಗಿ ದಿಢೀರನೆ ಅಲ್ಲ. ಅದಕ್ಕೆ ಮುಂಚೆ ಗಂಟೆಗಟ್ಟಲೆ ಸೂಚನೆ ಕೊಡುತ್ತಿರುತ್ತದೆ. ಉಸಿರಿನ ಗತಿ ಏರುತ್ತದೆ, ನಾಡಿ ಓಡತೊಡಗುತ್ತದೆ, ಆಮೇಲೆ ಬಿ.ಪಿ. ಇಳಿಯುತ್ತದೆ. ಉಸಿರನ್ನು ಎಣಿಸಲು ಯಂತ್ರ ಬೇಕಿಲ್ಲ, ಒಂದು ಗಡಿಯಾರ ಮತ್ತು ಪೂರ್ತಿ ಒಂದು ನಿಮಿಷ ಸಾಕು. ಆ ಒಂದು ನಿಮಿಷವೇ ಸಿಗುವುದಿಲ್ಲವಾದ್ದರಿಂದ ಹಾಳೆಯ ತುಂಬ 18, 20, 18, 20 ಎಂದು ಬಂದುಬಿಡುತ್ತದೆ. ಹಲವು ದೇಶಗಳ ಆಸ್ಪತ್ರೆಗಳ ಹಾಳೆಗಳಲ್ಲಿ ಈ ಕಾಯಿಲೆ ಕಾಣುತ್ತದೆ. ಖಾಲಿ ಬಿಟ್ಟ ಕಾಲಂ ಮುಂದಿನ ಪಾಳಿಯವರಿಗೆ, ಇದನ್ನು ನೋಡಿಲ್ಲ, ಈಗ ನೋಡಿ ಎಂದಾದರೂ ಹೇಳುತ್ತದೆ. ಸುಳ್ಳು ಅಂಕಿ ಅವರ ಕಣ್ಣನ್ನೇ ಕಟ್ಟುತ್ತದೆ. ರೌಂಡ್ಸಿಗೆ ಬಂದ ಡಾಕ್ಟರ್ 120/80 ನೋಡಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ಅವರ ತಪ್ಪೇನೂ ಅಲ್ಲ.

ಹಾಗೆಂದು ಸಹೋದ್ಯೋಗಿಯ ಪ್ರತಿ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಾಗೆ ತೂಗಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ನನ್ನನ್ನು ಬಹಳ ಕಾಡುತ್ತದೆ.

ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಆಸ್ಪತ್ರೆ. 2017ರ ಡಿಸೆಂಬರ್ 26. ಚಾರ್ಲೀನ್ ಮರ್ಫಿ ಎಂಬ 75 ವರ್ಷದ ರೋಗಿಗೆ ಸ್ಕ್ಯಾನ್ ಇತ್ತು. ಯಂತ್ರದೊಳಗೆ ಮಲಗಲು ಭಯಪಟ್ಟಿದ್ದರಿಂದ ಮನಸ್ಸು ಶಾಂತವಾಗುವ ವರ್ಸೆಡ್ ಎಂಬ ಔಷಧ ಕೊಡಬೇಕಿತ್ತು. ರಡಾಂಡಾ ವಾಟ್ ಎಂಬ ನರ್ಸ್ ಔಷಧ ತೆಗೆಯುವ ಕಂಪ್ಯೂಟರ್ ಕಪಾಟಿನಲ್ಲಿ ಆ ಹೆಸರಿನ ಮೊದಲ ಎರಡು ಅಕ್ಷರ ಒತ್ತಿದರು. ಕಪಾಟು ಹುಡುಕುತ್ತಿದ್ದದ್ದು ಔಷಧದ ಮೂಲ ಹೆಸರಿನಲ್ಲಿ, ಕಂಪನಿ ಇಟ್ಟ ಹೆಸರಿನಲ್ಲಲ್ಲ. ವರ್ಸೆಡ್ ಸಿಗಲಿಲ್ಲ. ಅವರು ತಡೆಯನ್ನು ದಾಟುವ ಗುಂಡಿ ಒತ್ತಿ, ಅದೇ ಅಕ್ಷರಗಳಿಂದ ಶುರುವಾಗುವ ವೆಕ್ಯುರೋನಿಯಂ ತೆಗೆದರು. ಇಡೀ ದೇಹದ ಸ್ನಾಯುಗಳನ್ನು ನಿಶ್ಚಲಗೊಳಿಸುವ, ಉಸಿರನ್ನೂ ನಿಲ್ಲಿಸುವ ಔಷಧ ಅದು. ಶೀಶೆಯ ಮುಚ್ಚಳದ ಮೇಲೆ ಎಚ್ಚರಿಕೆ ಇತ್ತು. ವರ್ಸೆಡ್ ದ್ರವ, ಇದು ಪುಡಿ. ಬೆರೆಸುವಾಗಲಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ರೋಗಿ ತೀರಿಕೊಂಡರು.

ತಾನು ಮಾಡಿದ್ದು ಏನೆಂದು ಗೊತ್ತಾದ ಕೂಡಲೇ ವಾಟ್ ಅದನ್ನು ಹೇಳಿದರು. ಮುಚ್ಚಿಡಲಿಲ್ಲ. ಮುಚ್ಚಿಟ್ಟವರು ಬೇರೆ. ಮರಣ ಪ್ರಮಾಣಪತ್ರದಲ್ಲಿ ಸಹಜ ಸಾವು, ಮಿದುಳಿನ ರಕ್ತಸ್ರಾವ ಎಂದು ಬಂತು. ಆಸ್ಪತ್ರೆ ನರ್ಸನ್ನು ಕೆಲಸದಿಂದ ತೆಗೆದು, ಕುಟುಂಬದ ಜೊತೆ ಕೋರ್ಟಿನಾಚೆಯ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ಹೆಸರಿಲ್ಲದ ಒಂದು ದೂರು ಸರ್ಕಾರಕ್ಕೆ ಹೋದ ಮೇಲೆಯೇ ನಿಜ ಹೊರಬಿದ್ದದ್ದು. ಕೊನೆಗೆ ಕಟಕಟೆಯಲ್ಲಿ ನಿಂತವರು ವಾಟ್ ಒಬ್ಬರೇ. 2022ರ ಮಾರ್ಚಿನಲ್ಲಿ ಕೋರ್ಟು ಅವರನ್ನು ಅಪರಾಧಿ ಎಂದಿತು. ಮೇ ತಿಂಗಳಲ್ಲಿ, ಜೈಲಿಗೆ ಕಳಿಸದೆ, ಮೂರು ವರ್ಷಗಳ ಪ್ರೊಬೇಷನ್ ಶಿಕ್ಷೆ ಕೊಟ್ಟಿತು. ಅಷ್ಟರಲ್ಲಿ ನರ್ಸಿಂಗ್ ಪರವಾನಗಿ ಹೋಗಿತ್ತು.

ಅದು ಬರೀ ಕಣ್ತಪ್ಪಲ್ಲ, ಸಾಲುಸಾಲಾಗಿ ಎಚ್ಚರಿಕೆಗಳನ್ನು ದಾಟಿ ಹೋದ ತಪ್ಪು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಶಿಕ್ಷೆ ಪ್ರಕಟವಾದ ದಿನ ಅಮೆರಿಕದ ನರ್ಸ್‌ಗಳು ಅವರ ಪರವಾಗಿ ಕೋರ್ಟಿನ ಹೊರಗೆ ಸೇರಿದ್ದು ನನಗೆ ಅರ್ಥವಾಗುತ್ತದೆ. ಒಪ್ಪಿಕೊಂಡವರಿಗೆ ಇದೇ ಗತಿಯಾದರೆ ನಾಳೆ ಒಪ್ಪಿಕೊಳ್ಳುವವರು ಯಾರು? ನಮ್ಮ ಸುಪ್ರೀಂ ಕೋರ್ಟು 2005ರಲ್ಲಿ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಚಿಕಿತ್ಸೆಯಲ್ಲಾದ ಸಾಮಾನ್ಯ ಲೋಪವನ್ನು ಕ್ರಿಮಿನಲ್ ಅಪರಾಧವಾಗಿ ನೋಡಬಾರದು, ಅದಕ್ಕೆ ಘೋರ ನಿರ್ಲಕ್ಷ್ಯ ಇರಬೇಕು ಎಂದು ಹೇಳಿದ್ದರ ಹಿಂದೆಯೂ ಇಂಥದೇ ಆತಂಕವಿತ್ತು.

ಇನ್ನೊಂದು ಸಂಗತಿ. ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧದ ತಪ್ಪುಗಳನ್ನು ಎಣಿಸಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಎಂಬುದು ಅವರ ಎಣಿಕೆ. ಲೆಕ್ಕ ತಿರುಗುಮುರುಗಾಗಿ ಬಂತು. ಹೊಂದಿಕೊಂಡು ಕೆಲಸ ಮಾಡುವ, ಇನ್‌ಚಾರ್ಜ್ ಸಿಸ್ಟರ್ ಬಗ್ಗೆ ಗೌರವ ಇರುವ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು. ಕೆದಕಿ ನೋಡಿದಾಗ ತಿಳಿದದ್ದು, ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೆಚ್ಚು ಹೇಳಿಕೊಳ್ಳುತ್ತಿದ್ದರು ಎಂಬುದು. ಬೈಗುಳಕ್ಕೆ ಹೆದರುವ ವಾರ್ಡುಗಳಲ್ಲಿ ತಪ್ಪುಗಳು ಕಾಗದಕ್ಕೆ ಬರುತ್ತಲೇ ಇರಲಿಲ್ಲ. 1996ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅಕ್ಕನ ಮಾತು.

ಎರಡನೇ ದಿನ ಅವರನ್ನು ನಾನು ಕೇಳಿದ್ದೆ. ಔಷಧದ ಟ್ರಾಲಿಯ ಹತ್ತಿರ ಇಬ್ಬರೇ ಇದ್ದೆವು.

"ಅಕ್ಕ, ಆಪರೇಟಸ್ ಸ್ಟೋರಿಗೆ ಹೋಗಿತ್ತಲ್ಲ. ಮೊನ್ನೆ ರಾತ್ರಿ ಬಿ.ಪಿ. ಹ್ಯಾಗೆ ನೋಡಿದ್ರಿ?"

ಅವರು ತಲೆಯೆತ್ತದೆ ಹೇಳಿದರು. "ನೋಡ್ಲಿಲ್ಲ ಕಣೇ. ಇಪ್ಪತ್ತೆರಡು ಜನಕ್ಕೆ ನಾನೊಬ್ಳೇ. ಎರಡು ಅಡ್ಮಿಷನ್ ಬಂತು, ಒಂದು ಡೆತ್ ಆಯ್ತು. ಕಾಲಂ ಖಾಲಿ ಬಿಟ್ರೆ ರೌಂಡ್ಸಲ್ಲಿ ಎಲ್ಲರ ಮುಂದೆ ಬೈಸ್ಕೊಳ್ಳೋಳು ಯಾರು, ನೀನಾ?"

ನನ್ನ ಬಾಯಲ್ಲಿ ಮಾತು ಬರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಹೇಳುತ್ತದೆ. ನಾನು ಕೆಲಸ ಮಾಡಿದ ಯಾವ ವಾರ್ಡಿನಲ್ಲೂ ರಾತ್ರಿ ಹೊತ್ತು ಆ ಲೆಕ್ಕ ಕಂಡವಳಲ್ಲ. ಆದರೆ ಅದೇ ವಾರ ಇನ್ನೊಂದು ರಾತ್ರಿ, ಆಪರೇಟಸ್ ವಾಪಸ್ ಬಂದು ಮೇಜಿನ ಮೇಲೆಯೇ ಇದ್ದಾಗ, ಅಡ್ಮಿಷನ್ ಒಂದೂ ಇಲ್ಲದ ದಿನ, ಮತ್ತೆ ಅವೇ ಅಂಕಿಗಳು ಬಂದವು. ಅಲ್ಲಿಗೆ ನನಗೆ ವಿಷಯ ಬೇರೆಯಾಯಿತು. ಮೊದಲ ರಾತ್ರಿಯದು ಒತ್ತಡ. ಇದು ರೂಢಿ.

ಆ ವ್ಯತ್ಯಾಸವನ್ನು ನಾನು ಇಷ್ಟು ವರ್ಷ ಹಿಡಿದುಕೊಂಡು ಬಂದಿದ್ದೇನೆ. ಕೈತಪ್ಪಿ ಆದದ್ದು ಯಾರಿಗೂ ಆಗುತ್ತದೆ. ಅದನ್ನು ಮಾಡಿದವರೇ ಹೇಳಿಕೊಳ್ಳುವಂತೆ ಪಕ್ಕದಲ್ಲಿ ನಿಲ್ಲಬೇಕು, ಇನ್ಸಿಡೆಂಟ್ ಫಾರಂ ಇಬ್ಬರೂ ಕೂತು ಬರೆಯಬೇಕು. ರೂಢಿಯಾದದ್ದು ಮಾತಿಗೆ ನಿಲ್ಲುವುದಿಲ್ಲ, ಇವತ್ತಿನ ರೋಗಿ ಬದುಕಿದರೂ ನಾಳೆಯವರು ಸಿಕ್ಕಿಬೀಳುತ್ತಾರೆ. ಇನ್ನು ಮೂರನೆಯದೊಂದಿದೆ: ಕೆಲಸ ಮಾಡುವ ಸ್ಥಿತಿಯಲ್ಲೇ ಇಲ್ಲದ ನರ್ಸ್. ಕುಡಿದು ಬಂದವರು, ಮನಸ್ಸಿನ ಕಾಯಿಲೆಯಿಂದ ನರಳುತ್ತಿರುವವರು, ಮಾರ್ಫಿನ್, ಫೆಂಟನಿಲ್‌ನಂಥ ನೋವಿನ ಔಷಧಕ್ಕೆ ತಾವೇ ದಾಸರಾದವರು. ಚಾರ್ಟಿನಲ್ಲಿ ಇಂಜೆಕ್ಷನ್ ಕೊಟ್ಟಿದೆ ಎಂದಿರುತ್ತದೆ, ಆಪರೇಷನ್ ಆದ ರೋಗಿ ನೋವಿನಿಂದ ಹೊರಳುತ್ತಲೇ ಇರುತ್ತಾರೆ. ಔಷಧದ ಕಪಾಟಿನ ಬೀಗದ ಕೈ ಯಾವಾಗಲೂ ಒಬ್ಬರೇ ಕೇಳಿ ಪಡೆಯುತ್ತಿರುತ್ತಾರೆ. ಇಂಥವರ ಬಗ್ಗೆ ಹೇಳುವುದು ಅವರ ಜೀವವನ್ನೂ ಉಳಿಸುವ ಕೆಲಸ. ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ನರ್ಸ್‌ಗಳನ್ನು ನೇರ ಶಿಕ್ಷಿಸುವ ಬದಲು ಚಿಕಿತ್ಸೆಗೆ ಕಳಿಸಿ, ನಿಗಾ ಇಟ್ಟು, ಮತ್ತೆ ಕೆಲಸಕ್ಕೆ ತರುವ ವ್ಯವಸ್ಥೆಯಿದೆ. ನಮ್ಮಲ್ಲೂ ಅದು ಬೇಕೇ ಬೇಕು.

ಇನ್ನೊಂದನ್ನು ನನಗೆ ನಾನೇ ಕೇಳಿಕೊಂಡಿದ್ದೆ, ಇವತ್ತಿನ ಹುಡುಗಿಯರಿಗೂ ಕೇಳಿಕೊಳ್ಳಿ ಎನ್ನುತ್ತೇನೆ. ಇದನ್ನೇ ನನಗಾಗದವರು ಮಾಡಿದ್ದರೆ ನಾನು ಏನು ಮಾಡುತ್ತಿದ್ದೆ? ನಮ್ಮ ಊರಿನವರು, ನಮ್ಮ ಭಾಷೆಯವರು, ನಮ್ಮ ಬ್ಯಾಚಿನವರು ಮಾಡಿದರೆ ಪಾಪ, ಸುಸ್ತಾಗಿತ್ತು ಎನ್ನುತ್ತೇವೆ. ಹೊರಗಿನಿಂದ ಬಂದ ಹುಡುಗಿ, ಗುತ್ತಿಗೆ ಮೇಲಿರುವ ಹುಡುಗಿ ಮಾಡಿದರೆ ಅದೇ ತಪ್ಪು ಅಸಡ್ಡೆ ಅನ್ನಿಸಿಕೊಳ್ಳುತ್ತದೆ. ಎರಡೂ ಕಡೆ ಒಂದೇ ಉತ್ತರ ಬಂದರೆ ಮಾತ್ರ ನಮ್ಮ ತೀರ್ಮಾನವನ್ನು ನಂಬಬಹುದು.

ಸುಮ್ಮನಿದ್ದರೆ ಏನಾಗಬಹುದು ಎಂಬುದರ ಕೊನೆಯ ತುದಿ ಚಾರ್ಲ್ಸ್ ಕಲೆನ್. ಅವನು ಅಮೆರಿಕದ ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯ ರಾಜ್ಯಗಳಲ್ಲಿ 16 ವರ್ಷ ನರ್ಸ್ ಆಗಿದ್ದು ರೋಗಿಗಳನ್ನು ಕೊಂದವನು. ಇಂಥವರು ಲಕ್ಷಕ್ಕೊಬ್ಬರೂ ಸಿಗುವುದಿಲ್ಲ. ವಾರ್ಡಿನ ದಿನನಿತ್ಯದ ಲೋಪಕ್ಕೆ ಅವನನ್ನು ಹೋಲಿಸುವುದು ಅನ್ಯಾಯ. ನನ್ನ ಗಮನ ಇರುವುದು ಅವನ ಮೇಲಲ್ಲ, ಅವನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರ ಮೇಲೆ.

2002ರಲ್ಲಿ ಪೆನ್ಸಿಲ್ವೇನಿಯದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ಹೃದ್ರೋಗ ಘಟಕದಲ್ಲಿ, ಬಳಸಿದ ಸೂಜಿ ಎಸೆಯುವ ಡಬ್ಬಿಯೊಳಗೆ ಇರಬಾರದ ಔಷಧದ ಶೀಶೆಗಳು ಸಿಕ್ಕವು. ಅವುಗಳಲ್ಲಿ ಮೇಲೆ ಹೇಳಿದ ಅದೇ ವೆಕ್ಯುರೋನಿಯಂ ಇತ್ತು. ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿ ಯಾರಿದ್ದರು ಎಂದು ನರ್ಸ್‌ಗಳು ತಾಳೆ ನೋಡಿದರು, ಹೇಳಿದರು. ಕಲೆನ್‌ಗೆ ರಾಜೀನಾಮೆ ಕೊಟ್ಟು ಹೋಗಲು ಬಿಡಲಾಯಿತು. ನರ್ಸ್‌ಗಳು ಅಲ್ಲಿಗೆ ಬಿಡಲಿಲ್ಲ. ಏಳು ಜನ ಒಟ್ಟಾಗಿ ಜಿಲ್ಲೆಯ ಸರ್ಕಾರಿ ಪ್ರಾಸಿಕ್ಯೂಟರ್ ಹತ್ತಿರ ಹೋಗಿ ತಮ್ಮ ಅನುಮಾನ ಮುಂದಿಟ್ಟರು. ತಿಂಗಳುಗಟ್ಟಲೆ ತನಿಖೆ ನಡೆದು, ಸಾಕ್ಷ್ಯ ಸಾಲದು ಎಂದು ಮುಚ್ಚಿಹೋಯಿತು. ಅಷ್ಟು ಹೊತ್ತಿಗೆ ಅವನು ನ್ಯೂಜೆರ್ಸಿಯ ಸಾಮರ್‌ಸೆಟ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಆಗಿತ್ತು. ಅಲ್ಲೊಂದರಲ್ಲೇ 13 ಜನರನ್ನು ಕೊಂದದ್ದನ್ನು ಆಮೇಲೆ ಒಪ್ಪಿಕೊಂಡ. ಒಟ್ಟು 29 ಕೊಲೆಗಳಲ್ಲಿ ತಪ್ಪೊಪ್ಪಿಗೆ ಕೊಟ್ಟ.

ಅವನನ್ನು ಕೊನೆಗೆ ಹಿಡಿದುಕೊಡಲು ನೆರವಾದವರು ಸಾಮರ್‌ಸೆಟ್‌ನ ನರ್ಸ್ ಏಮಿ ಲಾಫ್ರೆನ್. ಅವನ ಆಪ್ತ ಗೆಳತಿ. ರಾತ್ರಿ ಪಾಳಿಗಳಲ್ಲಿ ಅವರಿಗೆ ಆಸರೆಯಾಗಿದ್ದವನು ಅವನೇ. ಪತ್ತೇದಾರರು ಔಷಧದ ಕಪಾಟಿನ ಮುದ್ರಿತ ದಾಖಲೆಗಳನ್ನು ಮುಂದಿಟ್ಟಾಗ, ಹೃದಯದ ಔಷಧವಾದ ಡಿಗಾಕ್ಸಿನ್‌ಗೆ ಬೇಡಿಕೆ ಹಾಕಿ ಮರುಕ್ಷಣವೇ ರದ್ದು ಮಾಡಿದ ಸಾಲುಗಳ ಅರ್ಥ ಅವರಿಗೆ ತಿಳಿಯಿತು. ಹೊರಗಿನವರಿಗೆ ಅದು ಬರೀ ಅಂಕಿ. ಅದೇ ಕಪಾಟಿನ ಮುಂದೆ ನಿಂತು ದುಡಿಯುವವರಿಗೆ ಮಾತ್ರ ಅದು ಓದಲು ಬರುವ ಭಾಷೆ. 2003ರ ಡಿಸೆಂಬರಿನಲ್ಲಿ ಬಂಧನವಾಯಿತು. ಆಮೇಲೆ ನ್ಯೂಜೆರ್ಸಿ 2005ರಲ್ಲಿ ಒಂದು ಕಾನೂನು ತಂದಿತು. ಆಸ್ಪತ್ರೆಗಳು ಇಂಥ ಸಿಬ್ಬಂದಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸಲೇಬೇಕು, ಮುಂದಿನ ಆಸ್ಪತ್ರೆ ಕೇಳಿದರೆ ಇದ್ದದ್ದನ್ನು ಹೇಳಲೇಬೇಕು.

ಆ ಏಳು ಜನರ ಕೈಯಲ್ಲಿ ಪುರಾವೆ ಇರಲಿಲ್ಲ. ಡಬ್ಬಿಯಲ್ಲಿ ಕಂಡ ಶೀಶೆಗಳಿದ್ದವು, ಡ್ಯೂಟಿ ಪಟ್ಟಿಯಿತ್ತು. ಅಪರಾಧಿ ಯಾರೆಂದು ತೀರ್ಮಾನಿಸುವುದು ಅವರ ಕೆಲಸವೂ ಆಗಿರಲಿಲ್ಲ. ನಮ್ಮನ್ನು ಕಟ್ಟಿಹಾಕುವುದು ಹೆಚ್ಚಾಗಿ ಇದೇ ಗೊಂದಲ ಎಂದು ನನಗನ್ನಿಸುತ್ತದೆ. ಹೇಳುವುದೆಂದರೆ ತೀರ್ಪು ಕೊಟ್ಟಂತೆ, ಒಬ್ಬರ ಅನ್ನ ಕಿತ್ತುಕೊಂಡಂತೆ ಎಂದು ಭಾವಿಸುತ್ತೇವೆ. ಅನುಮಾನ ಖಚಿತವಾಗಲಿ, ಆಮೇಲೆ ಹೇಳೋಣ ಎಂದು ಕಾಯುತ್ತೇವೆ. ಖಚಿತ ಮಾಡಿಕೊಳ್ಳುವ ಅಧಿಕಾರ, ದಾಖಲೆ, ಸಮಯ ನಮ್ಮ ಹತ್ತಿರ ಎಂದೂ ಇರುವುದಿಲ್ಲ. ಕಣ್ಣು ಕಂಡದ್ದು ಮಾತ್ರ ನಮ್ಮದು.

ಹೇಳಿದವರ ಪಾಡು ಸುಖವಾಗಿರುತ್ತದೆ ಎಂದು ನಾನು ಯಾರಿಗೂ ಮಾತು ಕೊಡಲಾರೆ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹೆಲೀನ್ ಡೊನೆಲಿ ಎಂಬ ನರ್ಸ್ ಇದ್ದರು. ಬಂದ ರೋಗಿಯನ್ನು ನಾಲ್ಕು ಗಂಟೆಯೊಳಗೆ ನೋಡಿ ಕಳಿಸಬೇಕೆಂಬ ಸರ್ಕಾರಿ ಗುರಿಯಿತ್ತು. ಗುರಿ ತಪ್ಪಿದರೂ ತಪ್ಪಿಲ್ಲವೆಂದು ತೋರಿಸಲು ಸಮಯವನ್ನು ಸುಳ್ಳು ಬರೆಯುವಂತೆ ಹಿರಿಯ ಸಿಸ್ಟರ್‌ಗಳೇ ಹೇಳುತ್ತಿದ್ದರು ಎಂಬುದು ಅವರ ದೂರು. ಅಲ್ಲೂ ಸುಳ್ಳು ಅಂಕಿಯೇ! ಡೊನೆಲಿ ನೂರರಷ್ಟು ಇನ್ಸಿಡೆಂಟ್ ವರದಿ ಬರೆದರು. ಸಹೋದ್ಯೋಗಿಗಳಿಂದ ಬೆದರಿಕೆ ಬಂತು. ರಾತ್ರಿ ಪಾಳಿ ಮುಗಿಸಿ ಕಾರಿನವರೆಗೆ ಒಬ್ಬರೇ ನಡೆಯಲು ಹೆದರಿ, ಮನೆಯವರನ್ನು ಕರೆಸಿಕೊಳ್ಳುವ ಸ್ಥಿತಿ ಬಂತು. ಆ ಆಸ್ಪತ್ರೆಯ ಕುರಿತ ರಾಬರ್ಟ್ ಫ್ರಾನ್ಸಿಸ್ ವಿಚಾರಣಾ ವರದಿ 290 ಶಿಫಾರಸುಗಳೊಂದಿಗೆ 2013ರಲ್ಲಿ ಬಂದಾಗ, ಅವರು ಹೇಳುತ್ತ ಬಂದದ್ದಕ್ಕೆ ಬೆಲೆ ಸಿಕ್ಕಿತು. ಈಗ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಇಂಥ ಮಾತನ್ನು ಕೇಳಿಸಿಕೊಳ್ಳಲೆಂದೇ ಒಬ್ಬರನ್ನು ನೇಮಿಸುತ್ತಾರೆ. ಅಪಾಯ ಕಂಡರೆ ಹೇಳಲೇಬೇಕು ಎಂಬುದು ಅಲ್ಲಿನ ನರ್ಸ್‌ಗಳ ವೃತ್ತಿ ಸಂಹಿತೆಯಲ್ಲೇ ಇದೆ. ಕರ್ನಾಟಕದಲ್ಲಿ ಓದಿ ಅಲ್ಲಿಗೆ ಹೋಗಿರುವ ನಮ್ಮ ಹುಡುಗಿಯರಿಗೂ ಆ ಸಂಹಿತೆ ಅನ್ವಯಿಸುತ್ತದೆ. ಇಲ್ಲಿ ಸುಮ್ಮನಿರಲು ಕಲಿತು ಹೋದವರು ಅಲ್ಲಿ ಅದೇ ಕಾರಣಕ್ಕೆ ತೊಂದರೆಗೆ ಸಿಕ್ಕಬಹುದು.

ಹೇಳುವ ದಾರಿಯೂ ಮುಖ್ಯ. ಮಾರ್ಗರೆಟ್ ಹೇವುಡ್ ಎಂಬ ಬ್ರಿಟಿಷ್ ನರ್ಸ್ 2005ರಲ್ಲಿ ಬ್ರೈಟನ್ ಆಸ್ಪತ್ರೆಯ ವಾರ್ಡಿನಲ್ಲಿ ವಯಸ್ಸಾದ ರೋಗಿಗಳ ದುಃಸ್ಥಿತಿಯನ್ನು ಬಿಬಿಸಿಗಾಗಿ ಗುಟ್ಟಾಗಿ ಚಿತ್ರೀಕರಿಸಿದರು. ತೋರಿಸಿದ್ದು ನಿಜವೇ. ಆದರೂ ರೋಗಿಗಳ ಖಾಸಗಿತನ ಮುರಿದರೆಂದು 2009ರಲ್ಲಿ ಅವರ ಹೆಸರನ್ನು ನರ್ಸ್‌ಗಳ ಪಟ್ಟಿಯಿಂದಲೇ ತೆಗೆದುಹಾಕಿದರು. ಜನ ಸಿಟ್ಟಿಗೆದ್ದ ಮೇಲೆ ಅದೇ ವರ್ಷ ಅದನ್ನು ಎಚ್ಚರಿಕೆಗೆ ಇಳಿಸಿದರು. ನಾನು ಹೇವುಡ್ ಪರವೇ. ಆದರೆ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇರುವ ಈ ಕಾಲದಲ್ಲಿ, ಅರೆಬಟ್ಟೆಯಲ್ಲಿ ಮಲಗಿರುವ ರೋಗಿಯ ವಿಡಿಯೊ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವುದು ನ್ಯಾಯ ದೊರಕಿಸುವ ದಾರಿಯಲ್ಲ. ರೋಗಿಗೆ ಅದು ಎರಡನೇ ಪೆಟ್ಟು.

ನಮ್ಮಲ್ಲಿರುವ ದಾರಿ ಯಾವುದು? ವಾರ್ಡಿನ ಇನ್‌ಚಾರ್ಜ್, ಅವರ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್, ಆಮೇಲೆ ವೈದ್ಯಕೀಯ ಅಧೀಕ್ಷಕರು. ಆಸ್ಪತ್ರೆಗಳ ಗುಣಮಟ್ಟ ನೋಡುವ ಎನ್‌ಎಬಿಎಚ್ ಮಂಡಳಿಯ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಇನ್ಸಿಡೆಂಟ್ ವರದಿಯ ಪದ್ಧತಿ ಇರಲೇಬೇಕು. ಖಾಸಗಿ ಆಸ್ಪತ್ರೆಯಾದರೆ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ನರ್ಸ್‌ನ ವೃತ್ತಿ ನಡತೆಯ ಪ್ರಶ್ನೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ ಹೋಗುತ್ತದೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲು ಸಂಸತ್ತು 2023ರಲ್ಲಿ ಹೊಸ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿದೆ. ಕಾಗದದ ಮೇಲೆ ದಾರಿಗಳಿಗೆ ಕೊರತೆಯಿಲ್ಲ. ಆ ದಾರಿಯಲ್ಲಿ ನಡೆದವರನ್ನು ಕಾಯುವವರು ಯಾರು ಎಂಬುದೇ ಪ್ರಶ್ನೆ. ದೂರುದಾರರನ್ನು ರಕ್ಷಿಸುವ 2014ರ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾಗಿಯೂ ಜಾರಿಯ ಅಧಿಸೂಚನೆ ಕಾಣದೆ ಉಳಿಯಿತು. ಅದು ಬಂದರೂ ಅದರ ಗುರಿ ಸರ್ಕಾರಿ ನೌಕರರ ಭ್ರಷ್ಟಾಚಾರ ಮತ್ತು ಅಧಿಕಾರ ದುರ್ಬಳಕೆ. ಖಾಸಗಿ ಆಸ್ಪತ್ರೆಯ ಸ್ಟಾಫ್ ನರ್ಸ್‌ಗೆ ಅದರಿಂದ ಏನೂ ಸಿಗುವುದಿಲ್ಲ.

ಬಾಂಡ್ ಬರೆಸಿಕೊಂಡು, ಮೂಲ ಸರ್ಟಿಫಿಕೇಟ್‌ಗಳನ್ನು ಆಸ್ಪತ್ರೆಯ ಬೀರುವಿನಲ್ಲಿಟ್ಟುಕೊಳ್ಳುವ ಪದ್ಧತಿಯ ವಿರುದ್ಧ 2011–12ರಲ್ಲಿ ಮುಂಬೈ, ದೆಹಲಿ, ಕೇರಳದ ನರ್ಸ್‌ಗಳು ಬೀದಿಗಿಳಿದದ್ದು ಹಲವರಿಗೆ ನೆನಪಿರಬಹುದು. ಓದಿದ ಕಾಗದವೇ ಇನ್ನೊಬ್ಬರ ಕಪಾಟಿನಲ್ಲಿದ್ದಾಗ ಯಾರ ಬಾಯಿ ತೆರೆದೀತು? ಶೈಕ್ಷಣಿಕ ಸಾಲ ತೀರಿಸುತ್ತಿರುವ 23ರ ಹುಡುಗಿಗೆ ಧೈರ್ಯವಾಗಿರು ಎಂದು ಹೇಳುವುದು ಸುಲಭ. ಅವಳು ಸುಮ್ಮನಿದ್ದರೆ ಮೊದಲ ಹೊಣೆ ಅವಳನ್ನು ಸುಮ್ಮನಿರಿಸಿದವರದು.

ಹಾಗಿದ್ದೂ ಹೇಳಬೇಕೆಂದುಕೊಂಡವರಿಗೆ ನನಗೆ ತಿಳಿದ ಕಸುಬಿನ ಮಾತು ಒಂದಿದೆ. ವ್ಯಕ್ತಿಯನ್ನು ಬರೆಯಬೇಡಿ, ನಡೆದದ್ದನ್ನು ಬರೆಯಿರಿ. "ಬೇಜವಾಬ್ದಾರಿಯಿಂದ ವರ್ತಿಸಿದ್ದಾರೆ" ಎಂಬುದು ತೀರ್ಪು, ಅದನ್ನು ಯಾರು ಬೇಕಾದರೂ ಅಲ್ಲಗಳೆಯಬಹುದು. ದಿನಾಂಕ, ಗಂಟೆ, ಹಾಸಿಗೆ ಸಂಖ್ಯೆ, ಕಣ್ಣಿಗೆ ಕಂಡದ್ದು, ನೀವು ಏನು ಮಾಡಿದಿರಿ, ಆಗ ಡ್ಯೂಟಿಯಲ್ಲಿ ಎಷ್ಟು ಜನರಿದ್ದರು, ಅಷ್ಟೇ. ಕೇಳಿದ ಮಾತಾದರೆ ಕೇಳಿದ್ದು ಎಂದೇ ಬರೆಯಬೇಕು. ಆ ದಿನವೇ ಬರೆಯಬೇಕು. ವಾರ ಕಳೆದರೆ ನೆನಪು ಸಿಟ್ಟಿನ ಬಣ್ಣ ಹಚ್ಚಿಕೊಂಡುಬಿಡುತ್ತದೆ. ಕೊಟ್ಟ ಮೇಲೆ ಸ್ವೀಕೃತಿಯ ಸಹಿ ಹಾಕಿಸಿ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆ ಪ್ರತಿಯಲ್ಲಿ ರೋಗಿಯ ಹೆಸರು ಬೇಡ.

ನಾನು ಬರೆದದ್ದು ಐದು ಸಾಲು. ಆಪರೇಟಸ್ ಸ್ಟೋರಿಗೆ ಹೋದ ಹೊತ್ತು, ಇಂಡೆಂಟ್ ಸಂಖ್ಯೆ. ಆ ರಾತ್ರಿಯ ಹಾಳೆಗಳಲ್ಲಿದ್ದ ಅಂಕಿಗಳು. ಒಂಬತ್ತನೇ ಹಾಸಿಗೆಯಲ್ಲಿ ಬೆಳಿಗ್ಗೆ 8.10ಕ್ಕೆ ಸಿಕ್ಕ 80/50. ಎರಡನೇ ರಾತ್ರಿಯ ಅಂಕಿಗಳು. ಕೊನೆಯ ಸಾಲು: ಮೊದಲ ರಾತ್ರಿ 22 ರೋಗಿಗಳಿಗೆ ಒಬ್ಬರೇ ಶುಶ್ರೂಷಕಿ ಇದ್ದರು, ಎರಡು ಅಡ್ಮಿಷನ್ ಮತ್ತು ಒಂದು ಸಾವು ಆಗಿತ್ತು.

ಕೊಡುವ ಮುಂಚೆ ಅಕ್ಕನಿಗೆ ತೋರಿಸಿದೆ. ಬೆನ್ನ ಹಿಂದೆ ಮಾಡಿದಳು ಅನ್ನಿಸಬಾರದು ಎಂಬುದೊಂದೇ ನನ್ನ ಆಸೆಯಾಗಿತ್ತು. ಅವರು ಪೂರ್ತಿ ಓದಿದರು. ಕೊನೆಯ ಸಾಲಿನ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟರು. ಹಾಳೆ ಮಡಚಿ ನನ್ನ ಕೈಗೆ ಕೊಟ್ಟು, "ಕೊಡು ಹೋಗು," ಎಂದರು. ಆಮೇಲೆ ಐದಾರು ತಿಂಗಳು ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಊಟದ ಡಬ್ಬಿ ಹಂಚಿಕೊಳ್ಳುತ್ತಿದ್ದ ಬೇರೆಯವರೂ ಬೇರೆ ಮೇಜಿಗೆ ಹೋದರು. ಅಕ್ಕನಿಗೆ ಬರವಣಿಗೆಯಲ್ಲಿ ಒಂದು ಎಚ್ಚರಿಕೆ ಬಂತು. ವಾರ್ಡಿಗೆ ಇನ್ನೂ ಎರಡು ಆಪರೇಟಸ್ ಬಂದವು. ರಾತ್ರಿಗೆ ಎರಡನೇ ನರ್ಸ್ ಕೊಡುತ್ತೇವೆಂದರು, ಕೊಡಲಿಲ್ಲ. ಖಾಲಿ ಕಾಲಂಗೆ ರೌಂಡ್ಸಿನಲ್ಲಿ ಬೈಯುವುದಿಲ್ಲ, ಕಾರಣ ಬರೆದರೆ ಸಾಕು ಎಂದು ಸೂಪರಿಂಟೆಂಡೆಂಟ್ ಮೇಡಂ ವಾರ್ಡಿಗೆ ಬಂದು ಡಾಕ್ಟರ ಎದುರೇ ಹೇಳಿಹೋದರು.

ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅಕ್ಕನಿಂದ ಹ್ಯಾಂಡ್‌ಓವರ್ ತೆಗೆದುಕೊಳ್ಳುತ್ತಿದ್ದೆ. ಹದಿನಾಲ್ಕನೇ ಹಾಸಿಗೆಯ ಹಾಳೆಯಲ್ಲಿ ರಾತ್ರಿ 10ಕ್ಕೆ 130/90, ಆರಕ್ಕೆ 126/84 ಎಂದಿತ್ತು. ನಡುವೆ, ಎರಡು ಗಂಟೆಯ ಕಾಲಂನಲ್ಲಿ ಅಂಕಿ ಇರಲಿಲ್ಲ. "ನೋಡಲು ಆಗಲಿಲ್ಲ, ಹೊಸ ಅಡ್ಮಿಷನ್" ಎಂದು ಬರೆದು ಕೆಳಗೆ ಪೂರ್ತಿ ಸಹಿ ಹಾಕಿದ್ದರು. ನಾನು ಅದನ್ನು ನೋಡುತ್ತಿರುವುದನ್ನು ಅವರು ನೋಡಿದರು. "ಹದಿನೈದನೇ ಬೆಡ್ಡಿಗೆ ರಕ್ತ ತೆಗೀಬೇಕು, ಬಾ," ಎಂದು ಮುಂದೆ ನಡೆದರು.